ಚೇರಮನ್ನರ ಅಪ್ಪಣೆ ನಡೆಯದ ಸಂಘಗಳು



ಚಿಕ್ಕೋಡಿ, ನಿಪ್ಪಾಣಿ, ಅಥಣಿ ಸೀಮೆಯವರಿಗೆ ಸಹಕಾರಿ ಸಂಘ ಅಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಸಕ್ಕರೆ ಕಾರ್ಖಾನೆ, ಹಾಲಿನ ಡೇರಿ, ಪತ್ತಿನ ಸಂಘ. ಪಕ್ಕದ ಹುಕ್ಕೇರಿಯಲ್ಲಿ ಕರೆಂಟು ಹಂಚುವುದಕ್ಕೂ ಸಹಕಾರಿ ಸಂಘವೇ ಇದೆ. ಷೇರು, ವಾರ್ಷಿಕ ಸಭೆ, ಚೇರಮನ್ನರ ಚುನಾವಣೆ ಎಲ್ಲ ನೀವು ಕಂಡದ್ದೇ. ಇವತ್ತು ನಾನು ಹೇಳಬೇಕೆಂದಿರುವ ಸಂಘಗಳಲ್ಲಿ ಷೇರು ಇಲ್ಲ, ದುಡಿಯುವವರಲ್ಲಿ ಎಷ್ಟೋ ಮಂದಿಗೆ ಸಂಬಳವೂ ಇಲ್ಲ. ಅವರು ಕಟ್ಟುವುದು ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಕಂಪ್ಯೂಟರ್ ತಂತ್ರಾಂಶ.

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಕಟ್ಟುವ ಡೆಬಿಯನ್ ಎಂಬ ಯೋಜನೆಯನ್ನೇ ನೋಡಿ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದ್ದು. 1998ರಲ್ಲಿ ಅದು ತನಗೊಂದು ಸಂವಿಧಾನ ಬರೆದುಕೊಂಡಿತು. ವರ್ಷಕ್ಕೊಮ್ಮೆ ನಾಯಕನ ಚುನಾವಣೆ. ಮತದಾರರು ಒಬ್ಬರಿಗೆ ಗುರುತು ಹಾಕಿ ಎದ್ದು ಹೋಗುವುದಿಲ್ಲ. ಅಭ್ಯರ್ಥಿಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಜೋಡಿಸುತ್ತಾರೆ. ‘ಇವರಲ್ಲಿ ಯಾರೂ ಬೇಡ’ ಎಂಬುದಕ್ಕೂ ಆ ಪಟ್ಟಿಯಲ್ಲಿ ಜಾಗವಿದೆ. ಇಷ್ಟಾಗಿ ಗೆದ್ದ ನಾಯಕ ಯಾರಿಗೂ ‘ಈ ಕೆಲಸ ಮಾಡು’ ಎನ್ನುವಂತಿಲ್ಲ. ಈ ಸಂವಿಧಾನ ಯಾರ ತಲೆಗೂ ಕೆಲಸ ಕಟ್ಟುವುದಿಲ್ಲವೆಂದು ಅದರಲ್ಲೇ ಬರೆದಿದೆ. ಮಾತಾಡಿ ಒಪ್ಪಿಸಬೇಕು, ಬೇರೆ ದಾರಿಯಿಲ್ಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜನಕ ಗೈಡೊ ವಾನ್ ರಾಸಮ್ 2018ರಲ್ಲಿ ಯಜಮಾನಿಕೆ ಬಿಟ್ಟರು. ಮರುವರ್ಷ ಐವರ ಮಂಡಳಿ ಆಯ್ಕೆಯಾಯಿತು. ಒಂದೇ ಕಂಪನಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರಕೂಡದು. ನಮ್ಮ ಸಂಘಗಳ ಬೈಲಾ ಬರೆಯುವವರು ಈ ನಿಯಮವನ್ನೊಮ್ಮೆ ಓದಬೇಕು.

ನಾಯಕತ್ವ ಒಗ್ಗದಿದ್ದರೆ? ಕಾರ್ಖಾನೆಯ ಷೇರುದಾರ ಮುನಿಸಿಕೊಂಡು ಹೊರಟರೆ ಕಬ್ಬು ಅರೆಯುವ ಗಾಣವನ್ನು ಹೊತ್ತೊಯ್ಯಲಾಗದು. ಮುಕ್ತ ತಂತ್ರಾಂಶದಲ್ಲಿ ಇಡೀ ಕೋಡನ್ನೇ ನಕಲು ಮಾಡಿ ಒಯ್ಯಬಹುದು. ಉಳಿದವರ ಪಾಲೂ ಕರಗುವುದಿಲ್ಲ. ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶದ ಒಡೆತನವಿದ್ದ ಸನ್ ಕಂಪನಿಯನ್ನು ಒರಾಕಲ್ ಕಂಪನಿ ಕೊಂಡ 2010ರಲ್ಲಿ ಆ ಬಳಗದ ಅನೇಕರು ಹೊರಬಂದು ಲಿಬ್ರೆಆಫೀಸ್ ಕಟ್ಟಿದ್ದು ಹೀಗೆಯೇ. ಹೋಗುವ ಬಾಗಿಲು ಸದಾ ತೆರೆದಿರುವುದರಿಂದಲೇ ಇಂಥಲ್ಲಿ ಮುಂದಾಳುಗಳು ಕಿವಿಗೊಡುತ್ತಾರೆ. ಚುನಾವಣೆಗಿಂತ ದೊಡ್ಡ ಅಂಕುಶ ಇದೇ ಎಂದು ನಾನು ನಂಬಿದ್ದೇನೆ.

ಕನ್ನಡದಲ್ಲೂ ಇಂಥ ಬಳಗವಿದೆ, ಅದು ಕಟ್ಟುವುದು ತಂತ್ರಾಂಶವಲ್ಲ, ವಿಶ್ವಕೋಶ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಸಮುದಾಯ ತನ್ನ ಚರ್ಚೆಗಳನ್ನು ‘ಅರಳಿಕಟ್ಟೆ’ ಎಂಬ ಪುಟದಲ್ಲಿ ಎಲ್ಲರ ಕಣ್ಣೆದುರು ನಡೆಸುತ್ತದೆ. ನಿಪ್ಪಾಣಿಯ ಪುಟ ತೆರೆದು ‘ಇತಿಹಾಸ’ ಒತ್ತಿದರೆ ಯಾವ ಖಾತೆಯಿಂದ, ಯಾವತ್ತು, ಯಾವ ಸಾಲು ಬದಲಾಯಿತೆಂದು ತಾರೀಖು ಸಮೇತ ಕಾಣುತ್ತದೆ. ಬರೆಯುವ ಕೈಗಳು ಮಾತ್ರ ಸಾಲವು. ರಾಯಬಾಗ, ಕಾಗವಾಡದ ತಮ್ಮಂದಿರೇ, ತಂಗಿಯರೇ, ಕನ್ನಡವನ್ನೂ ಮರಾಠಿಯನ್ನೂ ಬಲ್ಲವರು ನೀವು. ನಿಮ್ಮೂರಿನ ಪುಟ ತೆಗೆದು ಓದಿ, ತಪ್ಪಿದ್ದರೆ ಆಧಾರ ಕೊಟ್ಟು ತಿದ್ದಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.