ಶೆಡ್ಡಿನ ಜಾಗವೂ ಮನೆಯವರ ಪಾಲೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಹೊತ್ತಿನಲ್ಲಿ ಆಸ್ತಿಪಾಲಿನ ಮಾತೇಕೆ ಎಂದು ತಾವು ಕೇಳಬಹುದು. ನಾನು ಬ್ಯಾಂಕಿನ ಗುಮಾಸ್ತ. ಕಾವ್ಯ ನನಗೆ ಬರದು, ಜಮಾಖರ್ಚು ಬರುತ್ತದೆ. ಪುಣೆಯ ನಮ್ಮ ಕೆಲವು ಮನೆಗಳಲ್ಲಿ ಈ ಪ್ರಶ್ನೆ ಹೊಸ್ತಿಲಿಗೆ ಬಂದು ನಿಂತಿದೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಎಣ್ಣೆ ಎಂಜಿನಿನ ಕಾರ್ಖಾನೆ 1946ರಲ್ಲಿ ಖಡಕಿಯಲ್ಲಿ ಎದ್ದಿತು. 1954ರಲ್ಲಿ ಪಿಂಪ್ರಿಗೆ ಪೆನ್ಸಿಲಿನ್ ಕಾರ್ಖಾನೆ ಬಂತು. ಇಂಥ ಕಾರ್ಖಾನೆಗಳ ನೆರಳಿನಲ್ಲಿ ಫಿಟ್ಟರು, ಟರ್ನರುಗಳಾಗಿ ದುಡಿದವರಲ್ಲಿ ಕೆಲವರು ಊರ ಹೊರಗೆ ಅಷ್ಟಿಷ್ಟು ಗುಂಟೆ ಕೊಂಡು ಸ್ವಂತ ಲೇತು ಹಾಕಿದರು. ಈಗ ಆ ಹೊರಗೇ ಊರಾಗಿದೆ. ಮಕ್ಕಳು ಹಿಂಜವಡಿಯ ಕಂಪ್ಯೂಟರ್ ಕಚೇರಿಗಳಲ್ಲಿದ್ದಾರೆ. ಬಿಲ್ಡರು ನಕ್ಷೆ ಹಿಡಿದು ಬಂದಿದ್ದಾನೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ಉಯಿಲು ಬರೆಯದೆ ತೀರಿದರು. ಅಣ್ಣ ಇನ್ನೂ ಶೆಡ್ಡು ನಡೆಸುತ್ತಾನೆ, ಒಲ್ಲೆನೆನ್ನುತ್ತಾನೆ. ಬೆಂಗಳೂರಿನ ತಮ್ಮನಿಗೆ ರೊಕ್ಕ ಬೇಕು. ಧಾರವಾಡದ ತಂಗಿಗೆ ಒಂದು ಫ್ಲ್ಯಾಟು ಬೇಕು. ಪಾಲು ಎಷ್ಟು ಎಂದು ಕೇಳಿದರೆ ಮೂವರೂ ಮೂರು ಎನ್ನುತ್ತಾರೆ. ಅಲ್ಲ, ನಾಲ್ಕು! ಒಳಗೆ ಚಹಾ ಮಾಡುತ್ತಿರುವ ತಾಯಿಯನ್ನು ಯಾರೂ ಎಣಿಸಲಿಲ್ಲ. ತಂದೆಯ ಸ್ವಂತ ಗಳಿಕೆಯಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಪಿತ್ರಾರ್ಜಿತದಲ್ಲಿಯೂ 2005ರಿಂದ ಮಗಳು ಮಗನಿಗೆ ಸಮ. ತಂಗಿಯ ಸಹಿಯನ್ನು ಅರಿಶಿನ ಕುಂಕುಮ ಕೊಟ್ಟು ಪಡೆಯುವ ಪದ್ಧತಿ ನನಗೆ ಸರಿಕಾಣುವುದಿಲ್ಲ.

ಇಪ್ಪತ್ತು ಗುಂಟೆಯನ್ನು ನಾಲ್ಕು ತುಂಡು ಮಾಡಿದರೆ ತಲೆಗೆ ಐದು. ರಸ್ತೆಯ ಮುಖ ಒಬ್ಬರಿಗೆ, ಹಿಂದಿನ ಗೋಡೆ ಇನ್ನೊಬ್ಬರಿಗೆ. ದಾರಿಗೂ ಅಂಚಿಗೂ ಬಿಟ್ಟ ಮೇಲೆ ಕಟ್ಟಲು ಉಳಿಯುವುದೆಷ್ಟು? ಹಡಪ್ಸರದ ಮಗರಪಟ್ಟೆಯನ್ನು ತಾವೆಲ್ಲ ನೋಡಿದ್ದೀರಿ. ಅದು ಕಾರ್ಖಾನೆಯಲ್ಲ, ಹೊಲ. ಆದರೆ ಪಾಠ ಇದಕ್ಕೂ ಸಲ್ಲುತ್ತದೆ. ಸುಮಾರು ನೂರಿಪ್ಪತ್ತು ರೈತ ಕುಟುಂಬಗಳು, ನಾನೂರಕ್ಕೂ ಹೆಚ್ಚು ಎಕರೆ. ಸತೀಶ ಮಗರರ ಮುಂದಾಳುತನದಲ್ಲಿ ಅವರು ನೆಲ ಮಾರಿ ಚದುರದೆ ಕಂಪನಿ ಕಟ್ಟಿದರು. ಕೊಟ್ಟ ಭೂಮಿಯ ಅಳತೆಗೆ ತಕ್ಕಂತೆ ಷೇರು ಪಡೆದರು. ಹೀಗೆ ಬೇಲಿ ಹಾಕದೆ ಪಾಲು ಹಂಚಿದರು. ನೂರಿಪ್ಪತ್ತು ಮನೆಗಳಿಗೆ ಸಾಧ್ಯವಾದದ್ದು ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮೂವರಿಗೆ ಸಾಧ್ಯವಿಲ್ಲವೇ?

ಒಪ್ಪದಿದ್ದರೆ ನ್ಯಾಯಾಲಯ ಉಂಟು. 1893ರ ವಿಭಾಗ ಕಾಯಿದೆಯಂತೆ, ತುಂಡು ಮಾಡುವುದು ಯುಕ್ತವಲ್ಲವೆಂದು ಕಂಡರೆ, ಅರ್ಧಕ್ಕೆ ಕಡಿಮೆಯಿಲ್ಲದ ಪಾಲುದಾರರು ಕೇಳಿದಾಗ ನ್ಯಾಯಾಲಯ ಮಾರಾಟಕ್ಕೆ ಹೇಳಬಹುದು. ಉಳಿದವರು ಬೆಲೆ ಕಟ್ಟಿಸಿ ಆ ಪಾಲನ್ನು ತಾವೇ ಕೊಳ್ಳಲು ಕೇಳಬಹುದು. ಆದರೆ ತೀರ್ಪು ಬರುವಷ್ಟರಲ್ಲಿ ಶೆಡ್ಡಿನ ತಗಡು ತುಕ್ಕು ಹಿಡಿದಿರುತ್ತದೆ, ಮದುವೆಯ ಕರೆಯೋಲೆಗಳು ನಿಂತಿರುತ್ತವೆ.

ಅಣ್ಣನ ಹಟವನ್ನು ನಾನು ದುರಾಸೆಯೆನ್ನಲಾರೆ. ಉಳಿದವರಿಗೆ ಅದು ಜಾಗ, ಅವನಿಗೆ ಅನ್ನ. ಒಂದು ಕಡೆ ಅವನು ಬಾಡಿಗೆಯಿಲ್ಲದೆ ಬಳಸಿದ ವರ್ಷಗಳನ್ನು ಬರೆಯಿರಿ. ಇನ್ನೊಂದು ಕಡೆ ಅವನು ಕಟ್ಟಿದ ತೆರಿಗೆ, ಮಾಡಿಸಿದ ದುರಸ್ತಿ, ತಂದೆಯ ಔಷಧದ ಖರ್ಚು. ಬರೆದು ನೋಡದೆಯೇ ಜಗಳವಾಡುವವರು ಬಹಳ. ಹಂಚುವ ಮೊದಲು ಬೇರೆ ಕಡೆ ಅವನಿಗೊಂದು ಶೆಡ್ಡು ಕೊಡಿಸುವ ಮೊತ್ತ ಒಪ್ಪಂದದಲ್ಲೇ ಬರಲಿ. ತಾಯಿಯ ಪಾಲು ತಾಯಿಯ ಖಾತೆಗೇ ಹೋಗಲಿ.

ಬಿಲ್ಡರಿಗೆ ಮಾತು ಕೊಡುವ ಮುನ್ನ ಕಾಗದ ನೋಡಿ. ಜಾಗ ಎಂ.ಐ.ಡಿ.ಸಿ.ಯದಾದರೆ ಅದು ಸಾಮಾನ್ಯವಾಗಿ 95 ವರ್ಷದ ಗುತ್ತಿಗೆ. ಮನೆ ಕಟ್ಟುವ ಮಾತೇ ಬೇರೆಯಾಗುತ್ತದೆ. ಸ್ವಂತದ್ದಾದರೂ ಕೈಗಾರಿಕಾ ವಲಯದಿಂದ ವಸತಿಗೆ ಬದಲಿಸಲು ಅನುಮತಿ ಬೇಕು. ಅದಕ್ಕೂ ಮೊದಲು, ತಂದೆಯ ಕಾಲದಿಂದ ಲೇತಿನ ಮುಂದೆ ನಿಂತ ಮೂರು ನಾಲ್ಕು ಕೆಲಸಗಾರರ ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡು ಚುಕ್ತಾ ಆಗಿದೆಯೇ ಎಂದು ಅಣ್ಣನನ್ನು ಕೇಳಿ. ಆ ಲೆಕ್ಕ ಅವನೊಬ್ಬನ ಹತ್ತಿರವೇ ಇರುತ್ತದೆ.