ಬಿಟ್ಟು ಬಂದ ಲ್ಯಾಬಿಗೆ ಮತ್ತೆ ಹೋಗುವುದು
(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ಅರಿಶಿನ ಕುಂಕುಮದ ದಿನ ನಮ್ಮ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಎಂ.ಎಸ್ಸಿ. ಮುಗಿಸಿ ಒಂಬತ್ತು ವರ್ಷ ಆಯ್ತು. ಇನ್ನು ಯಾವ ಲ್ಯಾಬಿನವರು ನನ್ನನ್ನ ಒಳಗೆ ಬಿಡ್ತಾರೆ?" ಎಂದರು. ಇವತ್ತಿನ ಮಾತು ಅವರಿಗಾಗಿಯೇ.

ಆರು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸ ಹುಡುಕಲು ಹೊರಟಾಗ ನಾನು ಪತ್ರಿಕೆಯ ಜಾಹೀರಾತು ಕಾಯುತ್ತ ಕುಳಿತಿದ್ದೆ. ಅದೇ ತಪ್ಪಾಯಿತು. ಅಲ್ಲಿ ಬರುವುದು ಹೆಚ್ಚಾಗಿ ಖಾಯಂ ಹುದ್ದೆಗಳು. ನಮ್ಮಂಥವರಿಗೆ ಬಾಗಿಲು ತೆರೆಯುವುದು ಪ್ರಾಜೆಕ್ಟಿನಲ್ಲಿ. ಪ್ರಾಧ್ಯಾಪಕರೊಬ್ಬರಿಗೆ ಸರ್ಕಾರದ ಇಲಾಖೆಯಿಂದ ಎರಡು ಮೂರು ವರ್ಷಕ್ಕೆ ಹಣ ಮಂಜೂರಾಗುತ್ತದೆ. ಅದರಲ್ಲೇ ಒಬ್ಬಿಬ್ಬರನ್ನು ತೆಗೆದುಕೊಳ್ಳುತ್ತಾರೆ. ಪ್ರಕಟಣೆ ಸಂಸ್ಥೆಯ ವೆಬ್‌ಸೈಟಿನ ಮೂಲೆಯಲ್ಲಿ ಕೆಲವೇ ದಿನ ಇದ್ದು ಮಾಯವಾಗುತ್ತದೆ. ಕಲೀನಾದ ವಿಶ್ವವಿದ್ಯಾಲಯ, ಪವಾಯಿಯ ಐಐಟಿ, ಮಾಟುಂಗಾದ ಐಸಿಟಿ, ಕೊಲಾಬಾದ ಟಿಐಎಫ್‌ಆರ್, ಇವುಗಳ ಪುಟಗಳನ್ನು ಪ್ರತಿ ಸೋಮವಾರ ತೆರೆದು ನೋಡಿ. ಪುಣೆಯವರಿಗೆ ಎನ್‌ಸಿಎಲ್, ಐಸರ್ ಇವೆ.

ನೆಟ್ ಪರೀಕ್ಷೆ ಪಾಸಾದರೆ ಒಳ್ಳೆಯದು. ಸಿಎಸ್‌ಐಆರ್ ಜೆಆರ್‌ಎಫ್‌ಗೆ ವಯೋಮಿತಿ 30 ವರ್ಷ, ಮಹಿಳೆಯರಿಗೆ 5 ವರ್ಷದ ಸಡಿಲಿಕೆ ಇದೆ. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ಇಲ್ಲದವರಿಗೂ ಪ್ರಾಜೆಕ್ಟ್ ಅಸೋಸಿಯೇಟ್ ಕೆಲಸ ಸಿಗುತ್ತದೆ, ಸಂಬಳ ಮಾತ್ರ ಕಡಿಮೆ. ಮುಂಬಯಿಯ ಬಾಡಿಗೆ ನಿಮಗೆ ಗೊತ್ತೇ ಇದೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು, ಅದನ್ನು ಮುಚ್ಚಿಡಲಾರೆ.

ವಿರಾಮ ತೆಗೆದುಕೊಂಡವರೂ ಸೇರಿದಂತೆ ಮಹಿಳೆಯರಿಗೆಂದೇ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಗಳಿವೆ, ಜೈವಿಕ ತಂತ್ರಜ್ಞಾನ ಇಲಾಖೆಯ ಬಯೋಕೇರ್ ಇದೆ. ಅರ್ಹತೆ, ವಯಸ್ಸು, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ, ಹಳೆಯ ವಾಟ್ಸಾಪ್ ಸಂದೇಶ ನಂಬಬೇಡಿ.

ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವಾಗ "ರೆಸ್ಪೆಕ್ಟೆಡ್ ಸರ್" ಎಂದು ಒಂದೇ ಪತ್ರವನ್ನು ನಲವತ್ತು ಜನಕ್ಕೆ ಕಳಿಸಿದರೆ ಯಾರೂ ಓದುವುದಿಲ್ಲ. ನಾನು ಕಳಿಸಿದ್ದೆ, ಒಂದು ಉತ್ತರವೂ ಬರಲಿಲ್ಲ. ಆಮೇಲೆ ಒಬ್ಬರ ಎರಡು ಲೇಖನ ಕೂತು ಓದಿ, ನನಗೆ ಬರುವ ಪ್ರೋಟೀನ್ ಶುದ್ಧೀಕರಣದ ಕೆಲಸ ಅವರಿಗೆಲ್ಲಿ ಬೇಕಾದೀತು ಎಂದು ಆರು ಸಾಲು ಬರೆದೆ. ಮೂರನೆಯ ದಿನ ಬರಹೇಳಿದರು.

ಅದಕ್ಕೂ ಮೊದಲು ಇನ್ನೊಂದು ಕಡೆ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಆ ದಿನ ಲೋಕಲ್ ಟ್ರೈನಿನಲ್ಲಿ ಅಳುತ್ತಲೇ ಬಂದೆ. ಆಗ ನನಗೆ ನೆನಪಾದವರು ಕಮಲಾ ಸೋಹೋನಿ. 1933ರಲ್ಲಿ ಮುಂಬಯಿಯ ಪದವಿ ಹಿಡಿದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋದರೆ, ಹೆಣ್ಣೆಂದು ಸಿ. ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾವಧಿ ಎಂಬ ಷರತ್ತಿನ ಮೇಲೆ ಒಳಗೆ ಹೋಗಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಮುಂದೆ ನಮ್ಮ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ನಿರ್ದೇಶಕಿಯೂ ಆದರು.

ಮಗುವಿನ ಪ್ರಶ್ನೆ ಈಗಲೂ ಕೇಳುತ್ತಾರೆ. "ವ್ಯವಸ್ಥೆ ಮಾಡಿದ್ದೇನೆ" ಎಂದಷ್ಟೇ ಹೇಳಿ, ಮಾತನ್ನು ಕೆಲಸದ ಕಡೆ ತಿರುಗಿಸಿ. ಬಯೋಡಾಟಾ ತಂದವರು ಚಹಾ ಆದ ಮೇಲೆ ಇಲ್ಲೇ ಇರಿ, ಒಟ್ಟಿಗೆ ಕೂತು ತಿದ್ದೋಣ.