ಒಂದೇ ಕೋಣೆಯಲ್ಲಿ ಹಾಡೂ ಗಾಡಿಯೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಡಿತರು ಮಾತನಾಡುವುದು ವಾಡಿಕೆ. ನಾನು ಪಂಡಿತನಲ್ಲ, ಬಿ.ಕಾಂ. ಮಾಡಿಕೊಂಡು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವವನು. ದಿವೆ ಘಾಟ ಇಳಿದು ಸಾಸವಡದಿಂದ ಬಂದಿದ್ದೇನೆ. "ನಿಮ್ಮ ಮನೆಯ ಆ ಕೋಣೆಯ ವಿಚಾರವನ್ನೇ ಹೇಳಿರಿ" ಎಂದು ಕಾರ್ಯಕಾರಿ ಮಂಡಳಿಯವರು ಅಪ್ಪಣೆ ಮಾಡಿದ್ದರಿಂದ ಧೈರ್ಯ ಮಾಡಿ ನಿಂತಿದ್ದೇನೆ.

ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಗಳಲ್ಲಿಯೂ ಒಂದೇ ಕೊರತೆ; ಅದು ಜಾಗದ ಕೊರತೆ. ಗದಗಿನ ಕಡೆಯ ನಮ್ಮ ಮನೆಯಲ್ಲಿ ಪಡಸಾಲೆ, ಅಟ್ಟ, ಹಿತ್ತಿಲು ಎಲ್ಲವೂ ಇದ್ದವು. ಇಲ್ಲಿ ಬಾಡಿಗೆಯ ಎರಡು ಕೋಣೆ, ಒಂದು ಅಡಿಗೆಮನೆ, ಅದರ ಬದಿಗೆ ಹತ್ತು ಅಡಿ ಅಗಲ ಹದಿನಾಲ್ಕು ಅಡಿ ಉದ್ದದ ಒಂದು ಹೊರಕೋಣೆ. ಈ ಹೊರಕೋಣೆಗೆ ನಮ್ಮ ಮನೆಯಲ್ಲಿ ಇಬ್ಬರು ಹಕ್ಕುದಾರರು.

ಒಬ್ಬರು ನಮ್ಮ ಅವ್ವ. ವಯಸ್ಸು ಅರವತ್ತೆಂಟು. ಬೀಸುವ ಪದ, ತೊಟ್ಟಿಲ ಪದ, ಜೋಕುಮಾರನ ಹಾಡು, ಗುಳ್ಳವ್ವನ ಹಾಡು ಎಂದು ಅವಳ ಕೊರಳಿನಲ್ಲಿ ನೂರಾರು ಹಾಡುಗಳಿವೆ. ಯಾವುದೂ ಕಾಗದದ ಮೇಲಿಲ್ಲ. ಎರಡು ವರ್ಷಗಳಿಂದ ಅವಳಿಗೆ ಉಸಿರು ಕಟ್ಟುತ್ತದೆ. ಉದ್ದನೆಯ ಸಾಲು ಒಂದೇ ಉಸಿರಿಗೆ ನಿಲ್ಲದು. ಇವುಗಳನ್ನು ಈಗಲೇ ಧ್ವನಿಮುದ್ರಣ ಮಾಡದಿದ್ದರೆ ಮುಂದೆಂದೂ ಆಗದು ಎಂದು ನಾನೊಂದು ಮೈಕು, ಒಂದು ಚಿಕ್ಕ ಯಂತ್ರ, ಹಳೆಯ ಕಂಪ್ಯೂಟರು ಕೂಡಿಸಿಕೊಂಡೆ.

ಇನ್ನೊಬ್ಬ ನನ್ನ ತಮ್ಮ. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. 1986ರಲ್ಲಿ ಅವರು ಕೊಂಡ ಯೆಜ್ಡಿ ಗಾಡಿ ಅವರು ತೀರಿಹೋದ ಮೇಲೆ ಹಿತ್ತಿಲಿನಲ್ಲಿ ತುಕ್ಕು ಹಿಡಿಯುತ್ತಿತ್ತು. ತಮ್ಮ ಅದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದು, ಒಂದೊಂದೇ ಭಾಗ ಬಿಚ್ಚಿ ಹೊಸದಾಗಿ ಕಟ್ಟಲು ಹೊರಟ.

ಒಂದು ಅವ್ವನ ದನಿ, ಇನ್ನೊಂದು ಅಪ್ಪನ ಗಾಡಿ. ಬೇರೆ ಕೋಣೆ ಹಿಡಿಯೋಣವೆಂದರೆ ಗುಮಾಸ್ತೆಯ ಸಂಬಳ ಒಪ್ಪದು. "ಗಾಡಿ ಗುಜರಿಗೆ ಹಾಕಿರಿ" ಎಂದರು ಕೆಲವರು. "ಹಾಡಿಗೆ ಮೊಬೈಲು ಸಾಲದೇ?" ಎಂದರು ಇನ್ನು ಕೆಲವರು. ಯಾವುದನ್ನು ಬಿಟ್ಟರೂ ಮನೆಯ ಒಂದು ಪಾಲು ಹೋದಂತೆಯೇ. ಆದುದರಿಂದ ಎರಡನ್ನೂ ಒಂದೇ ಕೋಣೆಯಲ್ಲಿ ಬಾಳಿಸುವುದು ಹೇಗೆಂಬುದೇ ನಮ್ಮ ಪ್ರಶ್ನೆಯಾಯಿತು.

ಸಂಗೀತಕ್ಕೂ ಯಂತ್ರಕ್ಕೂ ಹುಟ್ಟುಹಗೆತನವೆಂದು ಹಲವರ ಭಾವನೆ. ನಮ್ಮ ನಾಡಿನ ಇತಿಹಾಸ ಹಾಗೆ ಹೇಳುವುದಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಅವರೇ. ಮುಂದೆ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದಾಗ, 1960ರ ದಶಕದ ಆರಂಭದಲ್ಲಿ, ಮೈಸೂರಿನ ಐಡಿಯಲ್ ಜಾವಾ ಮೋಟಾರು ಸೈಕಲ್ ಕಾರ್ಖಾನೆಯ ಉದ್ಘಾಟನೆ ಆದದ್ದೂ ಅವರ ಕೈಯಿಂದಲೇ. ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಸಹಕಾರದಿಂದ ನಡೆದ ಆ ಕಾರ್ಖಾನೆಯ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಅದೇ ವರ್ಷದ ನವೆಂಬರ್ 1ರಂದು! ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಈ ಪುಣೆಯ ಮಾತನ್ನೇ ತೆಗೆದುಕೊಳ್ಳಿ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾಗಿ, ಗುರುಗಳ ಹೆಸರಿನಲ್ಲಿ 1953ರಿಂದ ಇಲ್ಲಿ ಸಂಗೀತೋತ್ಸವ ನಡೆಯಿಸಿದ ನಮ್ಮ ಗದಗಿನ ಭೀಮಸೇನ ಜೋಶಿಯವರಿಗೆ ಕಾರುಗಳೆಂದರೆ ಪಂಚಪ್ರಾಣ. ಮೋಟಾರಿನ ಒಳಗುಟ್ಟನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇನ್ನು ಗಡಿಯ ಮೀರಜ. ಅಲ್ಲಿಯ ತಂಬೂರಿ ಇಲ್ಲದೆ ಹುಬ್ಬಳ್ಳಿ ಧಾರವಾಡದ ಗಾಯನವನ್ನು ನೆನೆಯುವುದೇ ಕಷ್ಟ. ಆ ತಂಬೂರಿ ಮಾಡುವ ಮನೆತನಗಳು ಮೊದಲು ಶಿಕಲಗಾರರು, ಎಂದರೆ ಆಯುಧಗಳಿಗೆ ಸಾಣೆ ಹಿಡಿಯುವವರು. ಹತ್ತೊಂಬತ್ತನೆಯ ಶತಮಾನದಲ್ಲಿ ಫರೀದಸಾಹೇಬರಂಥವರು ಅದೇ ಕೈಯಿಂದ ವಾದ್ಯ ಮಾಡತೊಡಗಿದರು. ಮೀರಜದ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕಬ್ಬಿಣ ಹಿಡಿದ ಕೈ ಶ್ರುತಿಯನ್ನೂ ಹಿಡಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆದರೆ ಮನಸ್ಸು ಒಪ್ಪಿದ ಮಾತ್ರಕ್ಕೆ ಕೋಣೆ ಒಪ್ಪುವುದಿಲ್ಲ. ಅಲ್ಲಿ ನಾಲ್ಕು ವೈರಿಗಳಿದ್ದಾರೆ: ಸದ್ದು, ಪುಡಿ, ಆವಿ, ವಿದ್ಯುತ್ತು.

ಮೊದಲನೆಯದು ಸದ್ದು. ಇದರಲ್ಲಿ ಎರಡು ಬಗೆ ಎಂಬುದನ್ನು ತಿಳಿಯಬೇಕು. ಹೊರಗಿನ ಸದ್ದು ಒಳಗೆ ಬಾರದಂತೆ ತಡೆಯುವುದು ಒಂದು. ಒಳಗಿನ ದನಿ ಗೋಡೆಗೆ ಬಡಿದು ಪ್ರತಿಧ್ವನಿಸದಂತೆ ಹೀರುವುದು ಇನ್ನೊಂದು. ಮೊದಲನೆಯದಕ್ಕೆ ಭಾರ ಬೇಕು, ಸಂದು ಮುಚ್ಚಬೇಕು. ನೂರು ಪಾಲಿನ ಗೋಡೆಯಲ್ಲಿ ಒಂದು ಪಾಲು ಸಂದಿದ್ದರೆ ನೂರರಲ್ಲಿ ಒಂದು ಪಾಲು ಸದ್ದು ಅಲ್ಲಿಂದಲೇ ನುಗ್ಗುತ್ತದೆ. ಮಿಕ್ಕ ಗೋಡೆ ಎಷ್ಟು ದಪ್ಪಗಿದ್ದರೂ ಇಪ್ಪತ್ತು ಡೆಸಿಬೆಲ್ಲಿಗಿಂತ ಹೆಚ್ಚಿನ ತಡೆ ದೊರೆಯದು. ಆದುದರಿಂದ ನಾವು ಗೋಡೆಗೆ ಕೈ ಹಾಕಲಿಲ್ಲ. ಬಾಗಿಲಿನ ಕೆಳಗಿನ ಸಂದಿಗೆ, ಕಿಟಕಿಯ ಚೌಕಟ್ಟಿಗೆ ರಬ್ಬರಿನ ಪಟ್ಟಿ ಅಂಟಿಸಿದೆವು. ಖರ್ಚು ಮುನ್ನೂರು ರೂಪಾಯಿ ಮೀರಲಿಲ್ಲ.

ಎರಡನೆಯದಕ್ಕೆ ಮೆತ್ತನೆಯ ದಪ್ಪ ಬಟ್ಟೆ ಬೇಕು. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸುವ ರೂಢಿಯುಂಟು. ಅದರಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಪ್ರತಿಧ್ವನಿಯೂ ಹೆಚ್ಚು ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅವ್ವನೇ ಹೊಲಿದ ನಾಲ್ಕು ಕೌದಿಗಳಿದ್ದವು. ಹಳೆಯ ಇಲಕಲ್ಲ ಸೀರೆ, ಅಪ್ಪನ ಧೋತರ ಸೇರಿಸಿ ಹೊಲಿದವು. ಅವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಕೋಲಿಗೆ ತೂಗುಹಾಕಿದೆವು. ಹಿಂದೆ ಗಾಳಿ ಇರುವುದರಿಂದ ಬಟ್ಟೆ ಇನ್ನೂ ಚೆನ್ನಾಗಿ ದನಿ ಹೀರುತ್ತದೆ. ಮೈಕನ್ನು ಅವ್ವನ ಹತ್ತಿರಕ್ಕೆ ತಂದೆವು. ದೂರ ಅರ್ಧವಾದರೆ ಅವಳ ದನಿ ಆರು ಡೆಸಿಬೆಲ್ ಏರುತ್ತದೆ, ಬೀದಿಯ ಸದ್ದು ಏರುವುದಿಲ್ಲ.

ಎರಡನೆಯ ವೈರಿ ಪುಡಿ. ಹಲವು ಮೈಕುಗಳಲ್ಲಿಯೂ ಧ್ವನಿವರ್ಧಕದಲ್ಲಿಯೂ ಅಯಸ್ಕಾಂತವಿರುತ್ತದೆ. ಅರ ಹಾಕಿದಾಗ ಹಾರುವ ಕಬ್ಬಿಣದ ಪುಡಿ ಹುಡುಕಿಕೊಂಡು ಹೋಗಿ ಅಲ್ಲಿಗೇ ಅಂಟುತ್ತದೆ. ಒಮ್ಮೆ ಒಳಹೊಕ್ಕರೆ ತೆಗೆಯುವುದು ದುಸ್ತರ. ಆದುದರಿಂದ ಗ್ರೈಂಡರು, ಅರ, ತುಕ್ಕು ಉಜ್ಜುವ ಕೆಲಸ ಎಲ್ಲ ಅಂಗಳದಲ್ಲಿ. ಕೋಣೆಯೊಳಗೆ ತೊಳೆದು ಒರೆಸಿದ ಭಾಗಗಳನ್ನು ಜೋಡಿಸುವ ಕೆಲಸವಷ್ಟೇ. ಮೈಕು ಹಾಡು ಮುಗಿದೊಡನೆ ಮುಚ್ಚಳದ ಪೆಟ್ಟಿಗೆಗೆ ಸೇರಬೇಕು. ತಂಬೂರಿಯಂತೂ ಆ ಕೋಣೆಯಲ್ಲಿ ಮಲಗುವುದೇ ಇಲ್ಲ. ಪಾನಾ ಕೈಜಾರಿ ಬಿದ್ದರೆ ಸೋರೆಬುರುಡೆ ತಾಳೀತೇ?

ಮೂರನೆಯದು ಆವಿ, ಇದು ಪ್ರಾಣಕ್ಕೇ ಬರುವಂಥದು. ಪೆಟ್ರೋಲು ಎಂಥ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ; ನೆಲದ ಮೇಲೆ ಹರಿದು ದೂರದ ಒಂದು ಕಿಡಿಯನ್ನು ಮುಟ್ಟಿದರೆ ಸಾಕು. ಗೋಡೆಗೆ ಹಚ್ಚುವ ಅಗ್ಗದ ಸ್ಪಂಜು ಬಹುಬೇಗ ಹೊತ್ತಿ ವಿಷದ ಹೊಗೆ ಕಾರುತ್ತದೆ. ನಮ್ಮ ಕೌದಿಯೂ ಬಟ್ಟೆಯೇ. ಆದುದರಿಂದ ಮನೆಯ ಕಾಯಿದೆ ಹೀಗೆ: ಟ್ಯಾಂಕು, ಕಾರ್ಬ್ಯುರೇಟರು ಖಾಲಿಯಾಗದೆ ಗಾಡಿಗೆ ಹೊಸ್ತಿಲು ದಾಟಲು ಅನುಮತಿಯಿಲ್ಲ. ಇಂಜಿನ್ನನ್ನು ಒಳಗೆ ಚಾಲೂ ಮಾಡುವಂತಿಲ್ಲ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಕೊಲ್ಲುವ ಶಕ್ತಿ ಮಾತ್ರ ಉಂಟು. ಬ್ಯಾಟರಿಗೆ ಕರೆಂಟು ತುಂಬುವುದೂ ಹೊರಗೆ.

ನಾಲ್ಕನೆಯದು ವಿದ್ಯುತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸಲ ತೂಗಾಡುತ್ತದೆ. ತಂತಿ ಸರಿಯಿಲ್ಲದಿದ್ದರೆ ಆ ಗುಂಯ್‌ಗಾರವೇ ಹಾಡಿನ ಕೆಳಗೆ ಕೂಡುತ್ತದೆ. ಧ್ವನಿಯಂತ್ರಗಳೆಲ್ಲಕ್ಕೂ ಒಂದೇ ಪಟ್ಟಿಯಿಂದ ಕರೆಂಟು ಕೊಟ್ಟೆವು. ಗ್ರೈಂಡರಿಗೆ ಅಂಗಳದ ಬೇರೆ ಪ್ಲಗ್ಗು. ಇಲ್ಲೊಂದು ವಿನೋದವುಂಟು. ಯೆಜ್ಡಿಯದು ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ ಇಂಜಿನ್ನು. ಪ್ರತಿ ಸುತ್ತಿಗೂ ಒಂದು ಹೊಡೆತ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಸೆಕೆಂಡಿಗೆ ಐವತ್ತು ಹೊಡೆತವಾಯಿತು. ಎಂದರೆ ಕರೆಂಟಿನ ಗುಂಯ್‌ಗಾರ, ಅಪ್ಪನ ಗಾಡಿ ಎರಡೂ ಒಂದೇ ಶ್ರುತಿ! ಈ ಲೆಕ್ಕ ಕೇಳಿ ಅವ್ವ, "ಹಂಗಾರ ನಿಮ್ಮಪ್ಪ ಸುರಾ ಬಿಟ್ಟು ಹೊಡೀತಿದ್ದಿಲ್ಲ ಅಂತಾತು" ಎಂದು ನಕ್ಕಳು.

ಇನ್ನು ಹೊತ್ತಿನ ಹಂಚಿಕೆ. ನಸುಕಿನ ಐದರಿಂದ ಏಳರವರೆಗೆ ಅವ್ವನದು. ಬೀದಿ ಇನ್ನೂ ಎದ್ದಿರುವುದಿಲ್ಲ, ಬೀಸುವ ಪದಕ್ಕೂ ಅದೇ ಹೊತ್ತು. ಸಂಜೆ ಏಳರಿಂದ ಒಂಬತ್ತರವರೆಗೆ ತಮ್ಮನದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ನಲವತ್ತೈದು ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಿಯಮ ಇರಲಿ, ನೆರೆಯ ಕಾಕೂ ಅವರ ನಿದ್ದೆ ಅದಕ್ಕಿಂತ ಮುಖ್ಯ. ಜ್ಯೇಷ್ಠದಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿ ಸಾಸವಡದಲ್ಲಿ ತಂಗಿದಾಗ ಎರಡು ಕೆಲಸಕ್ಕೂ ರಜೆ. ಊರೆಲ್ಲ ಟಾಳ, ಮೃದಂಗಗಳ ನಾದ ತುಂಬಿರುವಾಗ ನಮ್ಮ ಕೋಣೆ ಯಾರಿಗೆ ಬೇಕು?

ಕಾಗದಪತ್ರದ ಮಾತನ್ನು ಗುಮಾಸ್ತೆಯಾದ ನಾನು ಹೇಳದೆ ಇರಲಾರೆ. ಊರಿನಿಂದ ಹಳೆಯ ಗಾಡಿ ತರುವವರು ಗಮನಿಸಿರಿ. ತೀರಿಹೋದವರ ಹೆಸರಿನ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಡುವುದಾದರೆ ಊರಿನ ಕಚೇರಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ತಂದು ಇಲ್ಲಿ ನೋಂದಣಿ ಮಾಡಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರ್ಖಾನೆ ಕೊಟ್ಟ ಮೂಲ ವಿವರಗಳಿಗೆ ಹೊರತಾಗಿ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಹೊಸದಾಗಿ ಕಟ್ಟುವುದೆಂದರೆ ಇದ್ದದ್ದನ್ನು ಇದ್ದ ಹಾಗೆ ಕಟ್ಟುವುದು ಎಂದೇ ತಮ್ಮನ ನಿಷ್ಠೆ.

ಫಲವೇನಾಯಿತು ಎಂದು ಕೇಳುವಿರಿ. ಇಂದಿನವರೆಗೆ ಎಪ್ಪತ್ತೊಂದು ಹಾಡುಗಳು ದಾಖಲಾಗಿವೆ. ಪ್ರತಿಯೊಂದಕ್ಕೂ ಹಾಡಿದ ತಾರೀಖು, ಯಾರಿಂದ ಕಲಿತದ್ದು, ಯಾವ ಕೆಲಸದ ಹೊತ್ತಿನದು ಎಂದು ಲೆಡ್ಜರಿನಂತೆ ಬರೆದಿಟ್ಟು ಮೂರು ಕಡೆ ನಕಲು ಇರಿಸಿದ್ದೇನೆ. ಗಾಡಿಯ ಇಂಜಿನ್ನು ಕೂಡಿದೆ, ಚಕ್ರ ಇನ್ನೂ ಕೂಡಬೇಕು; ಕೆಲವು ಭಾಗಗಳಿಗಾಗಿ ತಮ್ಮ ಜುನಾ ಬಜಾರು ಸುತ್ತುತ್ತಿದ್ದಾನೆ. ಇವೆರಡಕ್ಕಿಂತ ದೊಡ್ಡ ಫಲ ಇನ್ನೊಂದು. ಮರಾಠಿ, ಇಂಗ್ಲಿಷುಗಳ ನಡುವೆ ಬೆಳೆಯುತ್ತಿರುವ ನನ್ನ ಎಂಟು ವರ್ಷದ ಮಗಳಿಗೆ ಕನ್ನಡ ಕಲಿ ಎಂದರೆ ಬೇಸರ. ಆದರೆ ಆ ಕೋಣೆಗೆ ಹೋಗಲು ಬೇಸರವಿಲ್ಲ. ಅಲ್ಲಿ ಅಜ್ಜಿಗೆ ಹಾಡಿನ ಮುಂದಿನ ಸಾಲು ನೆನಪಿಸುವುದು, ಕಾಕಾನಿಗೆ ನಟ್ಟು ಎಣಿಸಿ ಕೊಡುವುದು ಅವಳ ಕೆಲಸ. ಎರಡೂ ಕನ್ನಡದಲ್ಲಿಯೇ ನಡೆಯಬೇಕು, ಏಕೆಂದರೆ ಅಜ್ಜಿಗೆ ಬೇರೆ ಭಾಷೆ ಬಾರದು! ಭಾಷೆಯನ್ನು ಪಾಠವೆಂದು ಕೊಟ್ಟಾಗ ಒಲ್ಲೆನೆಂದ ಮಗು, ಕೆಲಸವೆಂದು ಕೊಟ್ಟಾಗ ಎರಡೂ ಕೈಯಿಂದ ತೆಗೆದುಕೊಂಡಿತು.

ಸೋದರ ಸೋದರಿಯರೇ, ನಿಮ್ಮ ಮನೆಗಳಲ್ಲಿಯೂ ಹಾಡುವ ಅವ್ವಂದಿರು, ಕಥೆ ಹೇಳುವ ಅಜ್ಜಂದಿರು ಇದ್ದಾರೆ. ಬೇರೆ ಕೋಣೆ ಸಿಕ್ಕ ಮೇಲೆ, ಒಳ್ಳೆಯ ಯಂತ್ರ ಕೊಂಡ ಮೇಲೆ, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಎಂದು ಮುಂದೂಡಬೇಡಿರಿ. ವಯಸ್ಸು ನಮ್ಮ ಅನುಕೂಲಕ್ಕಾಗಿ ಕಾಯುವುದಿಲ್ಲ. ನಾಲ್ಕು ಕೌದಿ, ಒಂದು ಮೈಕು, ನಸುಕಿನ ಎರಡು ತಾಸು ಇಷ್ಟಿದ್ದರೆ ಆರಂಭಕ್ಕೆ ಸಾಕು. ಸಂಘದವರಲ್ಲಿ ನನ್ನ ವಿನಂತಿ ಒಂದೇ: ಮುಂದಿನ ರಾಜ್ಯೋತ್ಸವದೊಳಗೆ ಪ್ರತಿ ಮನೆಯಿಂದ ಒಂದು ಹಾಡನ್ನಾದರೂ ಕೂಡಿಸೋಣ. ಮೈಕು ಇಲ್ಲದವರು ಸಾಸವಡಕ್ಕೆ ದಯಮಾಡಿಸಿರಿ. ಪುರಂದರದ ಅಂಜೂರ ಕೊಟ್ಟು ಸತ್ಕರಿಸುತ್ತೇವೆ. ಗಾಡಿಯನ್ನು ಒಂದಿಷ್ಟು ಬದಿಗೆ ಸರಿಸಲು ತಮ್ಮನೂ ಒಪ್ಪಿದ್ದಾನೆ.